ಒಂದೇ ಬಟ್ಟಲು, ಸಾಲು ಸಾಲು ಬಾಯಿ!

ಊಟಿ ದಾರಿಯ ಹಂಗಳದಲ್ಲಿ ಟೀ ಎಂದರೆ ನಿಂತಲ್ಲೇ ಊದಿಕೊಂಡು ನಾಲ್ಕು ಗುಟುಕು, ಅಷ್ಟರಲ್ಲಿ ಬಸ್ಸಿನ ಹಾರ್ನ್! ಇದೇ ಟೀ ಕೊಡುವುದನ್ನೂ ಕುಡಿಯುವುದನ್ನೂ ವರ್ಷಗಟ್ಟಲೆ ಗುರುವಿನ ಮುಂದೆ ಕೂತು ಕಲಿಯುವವರಿದ್ದಾರೆ ಅಂದರೆ ಇಲ್ಲಿ ಯಾರು ನಂಬುತ್ತಾರೆ? ಇದ್ದಾರೆ ಸ್ವಾಮಿ! ಜಪಾನಿನ ಹಿದೆಯೋಶಿ ಎಂಬ ದೊರೆಯ ಅಪ್ಪಣೆಯಂತೆ 1591ರಲ್ಲಿ ಹೊಟ್ಟೆ ಸೀಳಿಕೊಂಡು ಸತ್ತ ಚಹಾ ಗುರು ಸೆನ್ ನೊ ರಿಕ್ಯೂ. ಅವನ ಪರಂಪರೆಯ ಉರಾಸೆಂಕೆ ಮನೆತನ ಕ್ಯೋಟೋದಲ್ಲಿ ಈಗಲೂ ಪಾಠ ಹೇಳುತ್ತಿದೆ.

ಹೊಸಬರ ಮೊದಲ ಪಾಠ ಚಹಾ ಅಲ್ಲ, ಬಟ್ಟೆ ಮಡಿಸುವುದು! ಸೊಂಟದ ರೇಷ್ಮೆ ವಸ್ತ್ರವನ್ನು ಎಳೆದು, ತ್ರಿಕೋನ ಮಾಡಿ, ಬಿಗಿಹಿಡಿದು ಮಡಿಸಿ, ಚಹಾಪುಡಿಯ ಡಬ್ಬಿ ಒರೆಸಬೇಕು. ಆಮೇಲೆ ಚಾಸೆನ್, ಅಂದರೆ ಆ ಪುಡಿಯನ್ನು ಬಿಸಿನೀರಲ್ಲಿ ಕಡೆಯುವ ಕುಂಚ. ಬಂಡೀಪುರದ ಬಿದಿರು ನೋಡುತ್ತ ಬೆಳೆದವರು ಇದನ್ನೊಮ್ಮೆ ನೋಡಬೇಕು: ಒಂದೇ ತುಂಡು ಬಿದಿರು, ಅಂಟಿಸಿದ್ದು ಏನೂ ಇಲ್ಲ, ಸೀಳಿ ಸೀಳಿ ನೂರರ ಆಸುಪಾಸಿನ ಎಳೆಗಳು! ಕಡೆಯುವ ಮುಂಚೆ ಬಿಸಿನೀರಲ್ಲಿ ಅದ್ದಿ, ಮೇಲೆತ್ತಿ ತಿರುಗಿಸುತ್ತ ಎಳೆ ಮುರಿದಿದೆಯೇ ಎಂದು ನೋಡುವುದೂ ಪಾಠವೇ.

ಗಿಡವಾದರೂ ಬೇರೆಯೇ? ಅಲ್ಲ! ಬಂಡೀಪುರ, ಮುದುಮಲೆ ದಾಟಿ ಘಾಟಿ ಹತ್ತಿದರೆ ನೀಲಗಿರಿಯಲ್ಲಿ ಸಿಗುವ ಅದೇ ಗಿಡ. ನಮ್ಮವರು ಎಲೆ ಬಾಡಿಸಿ, ಜಜ್ಜಿ ಕಪ್ಪಾಗಿಸುತ್ತಾರೆ. ಜಪಾನಿನವರು ಕೊಯ್ಲಿಗೆ ಮೂರು ವಾರ ಮುಂಚಿನಿಂದಲೇ ಬಿಸಿಲು ಬೀಳದಂತೆ ಚಪ್ಪರ ಹಾಕಿ, ಕಿತ್ತ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು ತೆಗೆದು ಬೀಸುಕಲ್ಲಿಗೆ ಹಾಕುತ್ತಾರೆ. ಗಂಟೆಯಿಡೀ ಬೀಸಿದರೆ ಸಿಗುವುದು 40 ಗ್ರಾಂ ಆಸುಪಾಸಿನ ಹಸಿರು ಪುಡಿ!

ಅಭ್ಯಾಸದ ದಿನ ಒಬ್ಬರು ಆತಿಥೇಯರು, ಉಳಿದ ಸಹಪಾಠಿಗಳು ಅತಿಥಿಗಳು. ಅತಿಥಿಯಾಗುವುದಕ್ಕೂ ತರಬೇತಿ! ಬಟ್ಟಲನ್ನು ಅಂಗೈಯಲ್ಲಿ ಹೊತ್ತು, ಅದರ ಚಂದದ ಮುಖಕ್ಕೆ ಬಾಯಿ ತಾಗದಂತೆ ತಿರುಗಿಸಬೇಕು, ಪಕ್ಕದವರಿಗೆ ‘ನಿಮಗಿಂತ ಮುಂಚೆ ಕುಡಿಯುತ್ತೇನೆ’ ಎಂದು ತಲೆಬಾಗಬೇಕು, ಕೊನೆಯ ಗುಟುಕನ್ನು ಸೊರ್ರೆಂದು ಸದ್ದು ಮಾಡಿ ಹೀರಬೇಕು. ನಮ್ಮಲ್ಲಾಗಿದ್ದರೆ ಅಜ್ಜಿ ತಲೆಗೆ ಮೊಟಕುತ್ತಿದ್ದಳು!

ನಾನು ಬೆಕ್ಕಸಬೆರಗಾದದ್ದು ಕೊಯ್ಚಾದ ವಿಷಯಕ್ಕೆ. ಅದು ಜೇನಿನಷ್ಟು ಮಂದವಾದ ಚಹಾ. ಬಟ್ಟಲು ಒಂದೇ. ಮೊದಲಿನವರು ಕುಡಿದು, ಅಂಚು ಒರೆಸಿ, ಪಕ್ಕದವರಿಗೆ ಕೊಡುತ್ತಾರೆ, ಅವರು ಇನ್ನೊಬ್ಬರಿಗೆ. ಲೋಟವನ್ನು ಎತ್ತಿ ಹಿಡಿದು ತುಟಿ ಸೋಕದಂತೆ ಗಂಟಲಿಗೆ ಸುರಿದುಕೊಳ್ಳುವ ನಮಗೆ ಎಂಜಲಿನ ಈ ಔತಣ ಜೀರ್ಣವಾಗುವುದು ಕಷ್ಟ. ಕತ್ತಿ ಹೊರಗಿಟ್ಟು, ಚಹಾ ಕೋಣೆಯ ಎರಡಡಿಯ ಗಿಡ್ಡ ಬಾಗಿಲಲ್ಲಿ ತೆವಳಿ ಒಳಬಂದ ಸಮುರಾಯಿ ಯೋಧರೂ ಹೀಗೇ ಹಂಚಿಕೊಂಡು ಕುಡಿದರು!

ಅಂತೂ ಪಾಠ ಕೈಗೆ ಹತ್ತಿತು ಅನ್ನುವಷ್ಟರಲ್ಲಿ ನವೆಂಬರ್! ಅಲ್ಲಿಯವರೆಗೆ ನೀರು ಕಾಯಿಸುತ್ತಿದ್ದ ಅಗ್ಗಿಷ್ಟಿಕೆ ಒಳಗೆ ಹೋಗಿ, ನೆಲದಲ್ಲೇ ಕೊರೆದ ಒಲೆ ತೆರೆಯುತ್ತದೆ. ಕೂರುವ ದಿಕ್ಕು ಬೇರೆ, ಸೌಟು ಇಡುವ ಜಾಗ ಬೇರೆ, ಹಳಬರೂ ತಡವರಿಸುತ್ತಾರೆ. ಅದು ರೂಢಿಯಾಗುವ ಹೊತ್ತಿಗೆ ಮೇ ತಿಂಗಳು, ಒಲೆ ಮುಚ್ಚಿ ಅಗ್ಗಿಷ್ಟಿಕೆ ಹಾಜರ್!