ಗೃಹ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದ ನಂತರ ಬಡ್ಡಿಯ ಮೇಲಿನ ತೆರಿಗೆ ಕಡಿತ

ಕಡಿಮೆ ಬಡ್ಡಿಗೆ ಹೊಸ ಸಾಲ ಪಡೆದು ಹಳೆಯ ಗೃಹ ಸಾಲವನ್ನು ತೀರಿಸುವ ಕ್ರಮವು ಈಗ ಸಾಮಾನ್ಯವಾಗಿದೆ. ಬದಲಾಗುವ ಬಡ್ಡಿ ದರದ ಗೃಹ ಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ದಂಡ ಶುಲ್ಕ ಪಡೆಯುವುದನ್ನು ಭಾರತೀಯ ರಿಸರ್ವ್ ಬ್ಯಾಂಕು 2012ರಲ್ಲಿ ನಿಷೇಧಿಸಿದ ಮೇಲೆ ಇದು ಇನ್ನಷ್ಟು ಸುಲಭವಾಯಿತು. ಆದರೆ ಹೊಸ ಸಾಲದಿಂದ ಮನೆ ಕೊಂಡಿಲ್ಲವೆಂಬ ಕಾರಣಕ್ಕೆ ಕಡಿತವನ್ನೇ ಕೋರದೆ ಬಿಡುವುದು ಒಂದು ತಪ್ಪಾದರೆ, ಹೊಸ ಸಾಲದ ಪೂರ್ಣ ಬಡ್ಡಿಗೆ ಕಡಿತ ಕೋರುವುದು ಇನ್ನೊಂದು ತಪ್ಪು.

1961ರ ಆದಾಯ ತೆರಿಗೆ ಅಧಿನಿಯಮದ ಕಲಂ 24(ಬಿ) ಪ್ರಕಾರ, ಮನೆಯ ಖರೀದಿ ಅಥವಾ ನಿರ್ಮಾಣಕ್ಕಾಗಿ ಪಡೆದ ಸಾಲದಲ್ಲಿ ಇನ್ನೂ ತೀರಿಸಬೇಕಾಗಿರುವ ಮೊತ್ತವನ್ನು ತೀರಿಸಲು ಪಡೆದ ಹೊಸ ಸಾಲದ ಬಡ್ಡಿಗೂ ಕಡಿತ ದೊರೆಯುತ್ತದೆ. ಎರಡನೆಯ ಸಾಲವು ಮೂಲ ಸಾಲವನ್ನು ತೀರಿಸಲು ಮಾತ್ರ ಬಳಕೆಯಾಗಿದೆಯೆಂದು ರುಜುವಾತಾದಲ್ಲಿ ಕಡಿತ ನೀಡಬೇಕೆಂದು ಕೇಂದ್ರ ನೇರ ತೆರಿಗೆಗಳ ಮಂಡಳಿಯು 1969ರ ಸುತ್ತೋಲೆ ಸಂಖ್ಯೆ 28ರಲ್ಲಿಯೇ ತಿಳಿಸಿತ್ತು. 2026ರ ಏಪ್ರಿಲ್ 1ರಿಂದ ಆರಂಭವಾಗುವ ತೆರಿಗೆ ವರ್ಷಗಳಿಗೆ ಈ ಕಡಿತದ ಉಪಬಂಧವು 2025ರ ಆದಾಯ ತೆರಿಗೆ ಅಧಿನಿಯಮದ ಕಲಂ 22ರಲ್ಲಿದೆ. ಮೂಲ ಸಾಲ ನೀಡಿದವರು ಬ್ಯಾಂಕೇ ಆಗಿರಬೇಕೆಂಬ ನಿಯಮವಿಲ್ಲ. ಬಂಧುಗಳಿಂದ ಕೈಸಾಲ ಪಡೆದು ಮನೆ ಕಟ್ಟಿಸಿ, ತರುವಾಯ ಬ್ಯಾಂಕ್ ಸಾಲದಿಂದ ಅದನ್ನು ತೀರಿಸಿದವರಿಗೂ ಕಡಿತ ಲಭ್ಯ. ಆದರೆ ಕೈಸಾಲದ ಹಣ ಮನೆಗೇ ಹೋಯಿತೆಂದು ತೋರಿಸುವ ಹೊಣೆ ಅವರದು.

ತೊಡಕು ಉಂಟಾಗುವುದು ಹೆಚ್ಚುವರಿ ಸಾಲದ ವಿಷಯದಲ್ಲಿ. ಉದಾಹರಣೆಗೆ, ನಾಗಸಂದ್ರದಲ್ಲಿ ಸ್ವಂತ ಮನೆಯಲ್ಲಿ ವಾಸವಿರುವ, ಪೀಣ್ಯದ ಕಾರ್ಖಾನೆಯೊಂದರ ನೌಕರರ ಹಳೆಯ ಸಾಲದಲ್ಲಿ 24 ಲಕ್ಷ ರೂ. ಬಾಕಿಯಿದೆ ಎಂದು ಭಾವಿಸೋಣ. ಹೊಸ ಬ್ಯಾಂಕು 32 ಲಕ್ಷ ರೂ. ನೀಡುತ್ತದೆ. 24 ಲಕ್ಷ ರೂ. ಹಳೆಯ ಬ್ಯಾಂಕಿಗೆ ಸಂದಾಯವಾಗಿ, ಉಳಿದ 8 ಲಕ್ಷ ರೂ. ಮಗಳ ಮದುವೆಗೆ ವೆಚ್ಚವಾಗುತ್ತದೆ. ವರ್ಷದ ಬಡ್ಡಿ 2,80,000 ರೂ. ಆದಲ್ಲಿ, ಅದರ ನಾಲ್ಕರಲ್ಲಿ ಮೂರು ಭಾಗ, ಅಂದರೆ 2,10,000 ರೂ. ಮಾತ್ರ ಮನೆಗೆ ಸಂಬಂಧಿಸಿದ್ದು. ಸ್ವಂತ ವಾಸದ ಮನೆಗೆ ಗರಿಷ್ಠ ಮಿತಿ 2,00,000 ರೂ. ಇರುವುದರಿಂದ ದೊರೆಯುವ ಕಡಿತ ಅಷ್ಟೇ. ಮದುವೆಯ ಪಾಲಿನ 70,000 ರೂ. ಬಡ್ಡಿಗೆ ಯಾವ ಕಡಿತವೂ ಇಲ್ಲ. ಒಂದೇ ಮನೆಯನ್ನು ಅಡವಿಟ್ಟಿದ್ದರೂ, ಒಂದೇ ಮಾಸಿಕ ಕಂತು ಕಟ್ಟುತ್ತಿದ್ದರೂ ಇದು ಬದಲಾಗದು: ಕಾನೂನು ನೋಡುವುದು ಅಡಮಾನವನ್ನಲ್ಲ, ಹಣದ ಬಳಕೆಯನ್ನು. ಆ 8 ಲಕ್ಷ ರೂ. ಮನೆಯ ದುರಸ್ತಿಗೆ ಬಳಕೆಯಾಗಿದ್ದರೆ ಅದರ ಬಡ್ಡಿಗೆ 30,000 ರೂ.ವರೆಗೆ ಅವಕಾಶವಿತ್ತು, ಅದೂ ಒಟ್ಟು 2,00,000 ರೂ. ಮಿತಿಯೊಳಗೇ.

2,00,000 ರೂ. ಮಿತಿಯ ಲಾಭ ಪಡೆಯಲು, ಮೂಲ ಸಾಲ ಪಡೆದ ಹಣಕಾಸು ವರ್ಷದ ಅಂತ್ಯದಿಂದ ಐದು ವರ್ಷಗಳೊಳಗೆ ಖರೀದಿ ಅಥವಾ ನಿರ್ಮಾಣ ಪೂರ್ಣಗೊಂಡಿರತಕ್ಕದ್ದು.

ಮೇಲಿನ ಲೆಕ್ಕವು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಅನ್ವಯಿಸುತ್ತದೆ. 2023-24ನೇ ಹಣಕಾಸು ವರ್ಷದಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತಿದ್ದು, ಅದರಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತವಿಲ್ಲ. ಬ್ಯಾಂಕು ಬದಲಿಸುವ ಮುನ್ನ ತೆರಿಗೆ ಉಳಿತಾಯವನ್ನೂ ಎಣಿಸಿಕೊಂಡವರು ಇದನ್ನು ಮೊದಲು ಪರಿಶೀಲಿಸುವುದು ಒಳಿತು. ಬಾಡಿಗೆಗೆ ನೀಡಿದ ಮನೆಯಾದಲ್ಲಿ ಹೊಸ ಪದ್ಧತಿಯಲ್ಲಿಯೂ ಬಡ್ಡಿ ಕಳೆಯಬಹುದು. ಆದರೆ ಅದರಿಂದಾದ ನಷ್ಟವನ್ನು ವೇತನ ಮುಂತಾದ ಇತರ ಆದಾಯದಿಂದ ಕಳೆಯುವಂತಿಲ್ಲ.

ಸಾಲ ವರ್ಗಾವಣೆಯಾದ ವರ್ಷದಲ್ಲಿ ಹಳೆಯ ಮತ್ತು ಹೊಸ ಬ್ಯಾಂಕು ಎರಡರಿಂದಲೂ ಬಡ್ಡಿ ಪ್ರಮಾಣಪತ್ರ ಪಡೆಯತಕ್ಕದ್ದು. ಹೊಸ ಸಾಲದ ಮಂಜೂರಾತಿ ಪತ್ರ, ಹಳೆಯ ಸಾಲ ಮುಕ್ತಾಯದ ಪತ್ರ, ಹಾಗೂ ಹೊಸ ಬ್ಯಾಂಕಿನಿಂದ ಹಳೆಯ ಬ್ಯಾಂಕಿಗೆ ಹಣ ಸಂದಾಯವಾದುದನ್ನು ತೋರಿಸುವ ಖಾತೆ ವಿವರಣೆಯನ್ನು ಜೋಪಾನವಾಗಿರಿಸಿಕೊಳ್ಳಬೇಕು. ಹೆಚ್ಚುವರಿ ಸಾಲಕ್ಕೆ ಪ್ರತ್ಯೇಕ ಖಾತೆ ತೆರೆಯುವಂತೆ ಮಂಜೂರಾತಿಯ ಸಮಯದಲ್ಲಿಯೇ ಬ್ಯಾಂಕನ್ನು ಕೋರಿದರೆ, ವರ್ಷವರ್ಷವೂ ಬಡ್ಡಿಯನ್ನು ಭಾಗಿಸುವ ಲೆಕ್ಕ ತಪ್ಪುತ್ತದೆ.