ಹೆಂಡತಿಯತ್ತ ತಿರುಗದ ಗಂಡ: ಕಥನದ ಮೌನವನ್ನು ಓದುವ ಬಗೆ

ಹಿಂದಿನ ಕಾಲದ ಬದುಕನ್ನು ಕಟ್ಟಿಕೊಡುವ ಕಾದಂಬರಿ, ನಾಟಕ ಮತ್ತು ಚಲನಚಿತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಪಾತ್ರವೆಂದರೆ ಕೈಹಿಡಿದ ಹೆಂಡತಿಯತ್ತ ಕಣ್ಣೆತ್ತಿಯೂ ನೋಡದ ಗಂಡ. ಹಲವು ಸಲ ಅವನು ಊರಿನಲ್ಲಿ ಗಣ್ಯನಾಗಿರುತ್ತಾನೆ, ಮನೆಯಲ್ಲಿ ಅನ್ನಬಟ್ಟೆಗೆ ಕೊರತೆ ಮಾಡದವನಾಗಿರುತ್ತಾನೆ, ಆದರೂ ಹೆಂಡತಿಯ ಪಾಲಿಗೆ ಅವನು ಇದ್ದೂ ಇಲ್ಲದವನು. ಇಂದಿನ ಓದುಗರು ಮತ್ತು ಪ್ರೇಕ್ಷಕರು ಇಂಥ ಪಾತ್ರವನ್ನು ಕಂಡಾಗ ಅವನು ಗಂಡಸರತ್ತ ಒಲಿದ ಸಲಿಂಗಪ್ರೇಮಿಯೇ, ಯಾರ ಬಗೆಗೂ ದೇಹದ ಸೆಳೆತವಿಲ್ಲದ ಅಲೈಂಗಿಕ ಸ್ವಭಾವದವನೇ, ದೈಹಿಕವಾಗಿ ಅಶಕ್ತನೇ, ಅಥವಾ ಬರಿಯ ಸ್ವಾರ್ಥಿಯೇ ಎಂದು ಕೇಳುತ್ತಾರೆ. ಕಳೆದ ಶತಮಾನದ ಲೇಖಕರು ಅನೇಕ ಸಂಗತಿಗಳನ್ನು ಬಾಯಿಬಿಟ್ಟು ಹೇಳಲಾಗದ ಕಾಲದಲ್ಲಿ ಬರೆದವರಾದ್ದರಿಂದ ಈ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಎಲ್ಲಿ ಹುಡುಕಬೇಕೆಂಬುದನ್ನು ಮಾತ್ರ ಎಚ್ಚರದಿಂದ ನಿರ್ಧರಿಸಬೇಕಾಗುತ್ತದೆ.

ಹೇಳದೆ ಉಳಿಸಿದ ಅರ್ಥವನ್ನು ಗ್ರಹಿಸುವ ಶಾಸ್ತ್ರ ಭಾರತೀಯರಿಗೆ ಹೊಸತಲ್ಲ. ಮಾತಿನ ನೇರ ಅರ್ಥವನ್ನು ಮೀರಿ ಹೊಳೆಯುವ ಅರ್ಥವನ್ನು ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿ ಎಂದು ಕರೆದನು. ಮುಂದೆ ಮಮ್ಮಟನು ಅಂಥ ಅರ್ಥ ಹೊಳೆಯಲು ಹೇಳುವವನು, ಕೇಳುವವನು, ದನಿಯ ಏರಿಳಿತ, ಸಂದರ್ಭ, ದೇಶ, ಕಾಲ ಮೊದಲಾದವು ನೆರವಾಗಬೇಕೆಂದು ವಿವರಿಸಿದನು. ಮೈಸೂರಿನಲ್ಲಿ ಪಾಠ ಹೇಳಿದ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಈ ವಿಚಾರವನ್ನು ಕನ್ನಡದ ವಿದ್ಯಾರ್ಥಿಗಳಿಗೆ ತಲುಪಿಸಿದ ಗ್ರಂಥ. ಧ್ವನಿಗೆ ಕೃತಿಯೊಳಗೇ ಆಧಾರವಿರಬೇಕೆಂಬ ಈ ನಿಯಮ ನಿರ್ಲಕ್ಷ್ಯ ತೋರುವ ಗಂಡನ ಲೈಂಗಿಕತೆಯನ್ನು ಓದುವಾಗಲೂ ಅಷ್ಟೇ ಸಲ್ಲುತ್ತದೆ.

ಇದನ್ನು ಪರೀಕ್ಷಿಸಲು ಮೈಸೂರು ಮತ್ತು ನಂಜನಗೂಡುಗಳ ನಡುವೆಯೇ ನಡೆಯುವ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1965ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಜೊತೆಯಾಗಿ ತೆರೆಗೆ ತಂದರು. ಆ ಚಿತ್ರದ ನಿರ್ದೇಶನಕ್ಕೆ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂದಿತು. ಕಾದಂಬರಿಯ ಸದಾಶಿವರಾಯರು ಮೈಸೂರಿನಲ್ಲಿ ಇತಿಹಾಸದ ಪ್ರಾಧ್ಯಾಪಕರು; ಭಾರತೀಯ ಸಂಸ್ಕೃತಿಯ ಚರಿತ್ರೆಯನ್ನು ಹಲವು ಸಂಪುಟಗಳಲ್ಲಿ ಬರೆಯುವುದೇ ಅವರ ಜೀವನದ ಗುರಿ. ಹೆಂಡತಿ ನಾಗಲಕ್ಷ್ಮಿ ಮನೆಯನ್ನು ನಡೆಸುತ್ತಾಳೆ, ಗಂಡನ ಊಟ ಉಪಚಾರ ನೋಡಿಕೊಳ್ಳುತ್ತಾಳೆ, ಆದರೆ ಅವರ ಬದುಕಿನ ಒಳಕೋಣೆಗೆ ಅವಳಿಗೆ ಪ್ರವೇಶವಿಲ್ಲ. ಹೀಗಿರುವಾಗ ಸಿಂಹಳದಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ ಕರುಣರತ್ನೆ ಗ್ರಂಥರಚನೆಯಲ್ಲಿ ಅವರ ಸಹಾಯಕಿಯಾಗಿ, ಕೊನೆಗೆ ಎರಡನೆಯ ಹೆಂಡತಿಯೂ ಆಗುತ್ತಾಳೆ.

ಈ ಮನುಷ್ಯನ ಬಯಕೆ ಎಂಥದು? ಸೌಂದರ್ಯವೂ ದೇಹವೂ ಸೆಳೆಯದೆ ವಿದ್ವತ್ತೊಂದೇ ಅವರನ್ನು ಸೆಳೆಯುವಂತೆ ಕಾಣುವುದರಿಂದ, ಅವರು ಅಲೈಂಗಿಕ ಸ್ವಭಾವಕ್ಕೆ ಹತ್ತಿರದವರೆಂದು ವಾದಿಸಲು ಕಾದಂಬರಿಯಲ್ಲಿ ಸ್ವಲ್ಪ ಎಡೆಯಿದೆ. ಎರಡನೆಯ ಮದುವೆಯಲ್ಲಿ ಕೂಡ ಪ್ರಣಯಕ್ಕಿಂತ ಗ್ರಂಥವನ್ನು ಪೂರ್ತಿಗೊಳಿಸುವುದೇ ಮುಂದೆ ನಿಲ್ಲುತ್ತದೆ. ಆದರೆ ಅವರು ಪುರುಷಪ್ರೇಮವನ್ನು ಮರೆಮಾಚುತ್ತಿದ್ದರೆಂದು ಹೇಳಲು ಕೃತಿಯಲ್ಲಿ ಒಂದು ನೋಟವಾಗಲಿ, ಒಂದು ಗೆಳೆತನವಾಗಲಿ, ಒಂದು ತಡವರಿಕೆಯಾಗಲಿ ಇಲ್ಲ. ಕಾಲದ ಸಾಕ್ಷ್ಯವೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ: ಹಿಂದೂ ಪುರುಷನ ಬಹುಪತ್ನಿತ್ವವನ್ನು ದೇಶದಾದ್ಯಂತ ನಿಷೇಧಿಸಿದ್ದು 1955ರ ಹಿಂದೂ ವಿವಾಹ ಕಾಯ್ದೆ, ಅದಕ್ಕೆ ಮುಂಚಿನ ಲೋಕದಲ್ಲಿ ಸಂಗಾತಿ ಬೇಕೆನಿಸಿದ ಗಂಡಸು ಮತ್ತೊಬ್ಬಳನ್ನು ಮದುವೆಯಾಗಬಹುದಾಗಿತ್ತು. ಕೂಡಿಕೆ ಎಂಬ ಮರುಮದುವೆಯ ಪದ್ಧತಿಯಿದ್ದ ಸಮುದಾಯಗಳ ಹೆಣ್ಣಿಗೆ ಬಿಟ್ಟುಹೋಗುವ ದಾರಿಯಾದರೂ ಇತ್ತು. ನಾಗಲಕ್ಷ್ಮಿಯಂಥ ಬ್ರಾಹ್ಮಣ ಗೃಹಿಣಿಗೆ ಅದೂ ಇರಲಿಲ್ಲ. ಗಂಡನ ಉದಾಸೀನಕ್ಕೆ ಗುಟ್ಟಾದ ಕಾರಣವೊಂದು ಬೇಕಾಗಿಯೇ ಇರಲಿಲ್ಲ, ಏಕೆಂದರೆ ಅದಕ್ಕೆ ಅವನು ತೆರಬೇಕಾದ ಬೆಲೆ ಏನೂ ಇರಲಿಲ್ಲ.

ಅದೇ ಕಾದಂಬರಿಯ ಶ್ರೀನಿವಾಸ ಶ್ರೋತ್ರಿಯೂ ಹೆಂಡತಿಯೊಡನೆ ದೇಹಸಂಬಂಧವನ್ನು ತೊರೆದವರೇ, ಆದರೆ ಅಲ್ಲಿ ಕಾರಣ ಸ್ಪಷ್ಟವಾಗಿದೆ. ಮತ್ತೊಂದು ಬಸಿರು ಭಾಗೀರತಮ್ಮನ ಜೀವಕ್ಕೆ ಅಪಾಯವೆಂದು ವೈದ್ಯರು ಹೇಳಿದ ಮೇಲೆ, ಮನೆಗೆಲಸದ ಲಕ್ಷ್ಮಿಯನ್ನು ಇಟ್ಟುಕೊಳ್ಳುವಂತೆ ಹೆಂಡತಿಯೇ ಸೂಚಿಸಿದರೂ, ಅವರು ಬಯಕೆಯೊಡನೆ ಹೋರಾಡಿ ಸಂಯಮವನ್ನು ಆರಿಸಿಕೊಳ್ಳುತ್ತಾರೆ. ಹೊರಗಿನಿಂದ ನೋಡುವವರಿಗೆ ಈ ಎರಡು ದಾಂಪತ್ಯಗಳೂ ಒಂದೇ ರೀತಿ ಬರಡಾಗಿ ಕಂಡರೂ, ಒಂದರಲ್ಲಿ ಹೆಂಡತಿಯ ಜೀವದ ಮೇಲಿನ ಕಾಳಜಿಯಿದೆ, ಇನ್ನೊಂದರಲ್ಲಿ ಅವಳ ನೆನಪೇ ಇಲ್ಲ. ಅನಂತಮೂರ್ತಿಯವರ 'ಸಂಸ್ಕಾರ'ದ ಪ್ರಾಣೇಶಾಚಾರ್ಯರು ರೋಗಿಷ್ಠ ಭಾಗೀರಥಿಯನ್ನು ಮದುವೆಯಾದುದನ್ನೇ ತಮ್ಮ ತ್ಯಾಗವೆಂದು ತಿಳಿದವರು. ಚಂದ್ರಿ ಎಂಬ ಹೆಣ್ಣಿನ ಸಂಗದಲ್ಲಿ ಅವರ ಬಯಕೆಯ ಸ್ವರೂಪ ಬಯಲಾದಾಗ ಅಷ್ಟು ವರ್ಷಗಳ ವೈರಾಗ್ಯ ಎಷ್ಟು ತೆಳುವಾಗಿತ್ತೆಂಬುದೂ ಬಯಲಾಗುತ್ತದೆ.

ನಿಜವಾದ ಗೊಂದಲವಿರುವುದು ಕಾರ್ನಾಡರ 'ನಾಗಮಂಡಲ'ದಲ್ಲಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ ಈ ನಾಟಕದಲ್ಲಿ ಅಪ್ಪಣ್ಣನು ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ, ಮಧ್ಯಾಹ್ನ ಉಣ್ಣಲು ಮಾತ್ರ ಬಂದು, ಉಳಿದ ಹೊತ್ತನ್ನು ಸೂಳೆಯ ಮನೆಯಲ್ಲಿ ಕಳೆಯುತ್ತಾನೆ. ಹೆಣ್ಣಿನ ಸಂಗವನ್ನು ಬಲ್ಲವನು ಹೆಂಡತಿಯನ್ನೇಕೆ ಮುಟ್ಟುವುದಿಲ್ಲವೆಂಬುದಕ್ಕೆ ನಾಟಕ ಉತ್ತರ ಕೊಡುವುದಿಲ್ಲ. ಬದಲಾಗಿ ರಾತ್ರಿ ಅವನದೇ ರೂಪ ತಾಳಿ ಬಂದು ರಾಣಿಯನ್ನು ಅಕ್ಕರೆಯಿಂದ ಕಾಣುವ ನಾಗನನ್ನು ಮುಂದಿಡುತ್ತದೆ. ಟಿ.ಎಸ್. ನಾಗಾಭರಣರ 1997ರ ಚಿತ್ರದಲ್ಲಿ ಪ್ರಕಾಶ್ ರೈ ಅವರೇ ಎರಡೂ ಪಾತ್ರಗಳನ್ನು ವಹಿಸಿದ್ದರಿಂದ, ಹಗಲಿನ ಒರಟನೂ ರಾತ್ರಿಯ ಪ್ರೇಮಿಯೂ ಒಬ್ಬನೇ ಮನುಷ್ಯನ ಸೀಳಿದ ಎರಡು ಪಾಲುಗಳಿರಬಹುದೆಂಬ ಓದಿಗೆ ಕಣ್ಣಿಗೆ ಕಾಣುವ ಆಧಾರ ಸಿಕ್ಕಿತು. ಗೃಹಿಣಿಯಲ್ಲಿ ಪೂಜ್ಯತೆಯನ್ನೂ ಹೊರಗಿನ ಹೆಣ್ಣಿನಲ್ಲಿ ಸುಖವನ್ನೂ ಹುಡುಕುವಂತೆ ಬೆಳೆಸಲ್ಪಟ್ಟ ಗಂಡಸಿನ ರೋಗವಿದು ಎನ್ನುವುದೇ ಹೆಚ್ಚು ಒಪ್ಪುವ ವ್ಯಾಖ್ಯಾನ.

ಸಲಿಂಗಪ್ರೇಮದ ಓದಿಗೆ ಕೃತಿಯೇ ಬಾಗಿಲು ತೆರೆದಿರುವ ಸಂದರ್ಭಗಳೂ ಉಂಟು. ಬೆಂಗಳೂರಿನ ನಾಟಕಕಾರ ಮಹೇಶ್ ದತ್ತಾನಿಯವರು ಇಂಗ್ಲಿಷಿನಲ್ಲಿ ಬರೆದ, 1991ರಲ್ಲಿ ರಂಗಕ್ಕೆ ಬಂದ 'ಬ್ರೇವ್ಲಿ ಫಾಟ್ ದಿ ಕ್ವೀನ್' ನಾಟಕದ ನಿತಿನ್ ತನ್ನ ಹೆಂಡತಿ ಅಲ್ಕಾಳ ಅಣ್ಣ ಪ್ರಫುಲ್‌ನನ್ನು ಪ್ರೀತಿಸಿದವನು. ಆ ಮದುವೆಯೇ ಈ ಸಂಬಂಧದ ಮರೆಯಾಗಿತ್ತೆಂಬುದು ತಿಳಿದಾಗ ಅಲ್ಕಾಳ ಒಂಟಿತನಕ್ಕೆ ಬೇರೆಯೇ ಅರ್ಥ ಬರುತ್ತದೆ. ಅಮೆರಿಕದ ಟೆನ್ನೆಸ್ಸಿ ವಿಲಿಯಮ್ಸ್ ಅವರ 1955ರ 'ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್' ನಾಟಕದಲ್ಲಿ ಬ್ರಿಕ್ ಹೆಂಡತಿಯನ್ನು ದೂರವಿಟ್ಟು ತೀರಿಹೋದ ಗೆಳೆಯ ಸ್ಕಿಪ್ಪರ್‌ಗಾಗಿ ಕೊರಗುತ್ತಾನೆ. ಲೇಖಕರು ಬೇಕೆಂದೇ ಬಿಡಿಸದೆ ಉಳಿಸಿದ ಆ ಗಂಟನ್ನು, ಅಂದಿನ ಸೆನ್ಸಾರ್ ನಿಯಮಾವಳಿಗೆ ಅಂಜಿ 1958ರ ಚಲನಚಿತ್ರ ಬಹುಮಟ್ಟಿಗೆ ಅಳಿಸಿಹಾಕಿತು. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂದಾಗ ಓದುಗರು ಇದೇ ಚಿತ್ರದ ಇನ್ನೊಂದು ಮಗ್ಗುಲನ್ನು ಕಂಡರು: ಸಂಗಾತಿಯು ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಹಿಂದೆ ಉಳಿಯುವ ಪುರುಷನ ನೋವು.

1860ರ ದಂಡಸಂಹಿತೆಯ 377ನೆಯ ಕಲಮಿನ ಭಯದಲ್ಲಿ ಮದುವೆಯ ಮರೆ ಹೊಕ್ಕವರು ಇದ್ದರೆಂಬುದರಲ್ಲಿ ಸಂಶಯವಿಲ್ಲ. ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಹಾಗೆ ಬದುಕಿದವರ ಕಥೆಗಳನ್ನು ಬರೆಯಬೇಕು, ಹಳೆಯ ಕೃತಿಗಳಲ್ಲಿ ಅವರ ಸುಳಿವಿದ್ದರೆ ಧೈರ್ಯವಾಗಿ ಗುರುತಿಸಬೇಕು. ಆದರೆ ಸುಳಿವೇ ಇಲ್ಲದ ಕಡೆ ಪ್ರತಿಯೊಬ್ಬ ಉದಾಸೀನ ಗಂಡನನ್ನೂ ಸಲಿಂಗಪ್ರೇಮಿಯೆಂದು ಕರೆದರೆ ಎರಡು ಅನ್ಯಾಯಗಳಾಗುತ್ತವೆ: ಗಂಡಸರನ್ನು ಪ್ರೀತಿಸುವವರೆಲ್ಲ ಹೆಂಗಸರ ಬಾಳು ಹಾಳುಮಾಡುವವರೆಂಬ ಹಳೆಯ ಆರೋಪಕ್ಕೆ ಹೊಸ ಬಲ ಬರುತ್ತದೆ, ಜೊತೆಗೆ ಹೆಂಡತಿಯನ್ನು ಮನುಷ್ಯಳೆಂದು ಎಣಿಸದ ಸಾಧಾರಣ ಗಂಡಸು ಸುಲಭವಾಗಿ ಪಾರಾಗುತ್ತಾನೆ. ಮೈಸೂರಿನ ತರಗತಿಗಳಲ್ಲಿ, ರಂಗಭೂಮಿಯಲ್ಲಿ ಈ ಕೃತಿಗಳನ್ನು ಚರ್ಚೆಗೆ ಎತ್ತಿಕೊಳ್ಳುವವರು ಸದಾಶಿವರಾಯರ ಗುಟ್ಟೇನೆಂದು ಕೇಳುವ ಮುನ್ನ ನಾಗಲಕ್ಷ್ಮಿಯ ದಿನಗಳು ಹೇಗೆ ಕಳೆದವೆಂದು ಕೇಳಲಿ.