ಬಾಯ್ತಪ್ಪಿದ ಮಾತು, ಒಳಮನಸ್ಸಿನ ಭಾಷೆ

ಕೆಲವು ವರ್ಷಗಳ ಹಿಂದೆ ಪಾಲುಪಟ್ಟಿಯ ದಾವೆಯೊಂದರಲ್ಲಿ ನನ್ನ ಕಕ್ಷಿದಾರರಾದ ಹಿರಿಯ ಮಹಿಳೆಯೊಬ್ಬರು ಸಾಕ್ಷಿ ನುಡಿಯುತ್ತಿದ್ದರು. (ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ, ಅದು ವಕೀಲನ ಧರ್ಮ.) ಮನೆಮಾತು ತುಳು, ಕಲಿತದ್ದು ಕನ್ನಡ, ಎದುರು ಪಕ್ಷದವರ ಪ್ರಶ್ನೆಗಳು ಮಲಯಾಳದಲ್ಲಿ. ಅಳೆದು ತೂಗಿ ಉತ್ತರಿಸುತ್ತಿದ್ದ ಅವರು ಒಂದು ಘಟ್ಟದಲ್ಲಿ ‘ತೀರಿಹೋದ ನನ್ನ ತಮ್ಮ’ ಎಂದುಬಿಟ್ಟರು. ಆ ತಮ್ಮ ಪ್ರತಿವಾದಿಯಾಗಿ ಅದೇ ಕೊಠಡಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಯಾರೋ ನಕ್ಕರು. ಅಕ್ಕನ ಮುಖ ಬಿಳಿಚಿತು. ಬಾಯ್ತಪ್ಪೆಂದು ನಾನು ಅರಿಕೆ ಮಾಡಿದೆ, ನ್ಯಾಯಾಧೀಶರು ತಿದ್ದಿಕೊಂಡರು. ಕಾನೂನಿನ ಮಟ್ಟಿಗೆ ಸಂಗತಿ ಅಲ್ಲಿಗೆ ಮುಗಿಯಿತು.

ಮನೋವಿಶ್ಲೇಷಣೆಯ ಪ್ರವರ್ತಕ ಸಿಗ್ಮಂಡ್ ಫ್ರಾಯ್ಡ್ ಅದನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ದಿನನಿತ್ಯದ ಮರೆವು, ಎಡವಟ್ಟು, ಬಾಯ್ತಪ್ಪುಗಳನ್ನೇ ವಿಷಯವಾಗಿಸಿಕೊಂಡು 1901ರಲ್ಲಿ ಅವರು ಬರೆದ ಗ್ರಂಥದಲ್ಲಿ ಆಸ್ಟ್ರಿಯಾದ ಶಾಸನಸಭೆಯ ಅಧ್ಯಕ್ಷರೊಬ್ಬರ ಪ್ರಸಂಗವಿದೆ. ಅಧಿವೇಶನವನ್ನು ಆರಂಭಿಸಬೇಕಾದ ಅವರು ಸಭೆ ಮುಗಿಯಿತೆಂದು ಘೋಷಿಸಿಬಿಟ್ಟರಂತೆ. ಆ ಸಭೆಯಿಂದ ಒಳಿತೇನನ್ನೂ ನಿರೀಕ್ಷಿಸದ ಅವರ ಒಳಮನಸ್ಸು ಬಾಯಿಯನ್ನು ಕ್ಷಣಕಾಲ ಕಸಿದುಕೊಂಡಿತ್ತು.

ನಮ್ಮೂರಿನ ಸುರಂಗಗಳನ್ನು ಬಲ್ಲವರಿಗೆ ಈ ಸಿದ್ಧಾಂತ ಅಪರಿಚಿತವೆನಿಸದು. ಮುರಕಲ್ಲಿನ ಗುಡ್ಡ ಮೇಲಿನಿಂದ ಒಣಗಿ ನಿಂತಿರುತ್ತದೆ. ಅದರ ಹೊಟ್ಟೆಯಲ್ಲಿ ಜಿನುಗುವ ನೀರು ಎಲ್ಲೋ ಒಂದೆಡೆ ಹೊರಬರುತ್ತದೆ. ಮನಸ್ಸಿನಲ್ಲಿಯೂ ನಮಗೆ ಅರಿವಿರುವ ಭಾಗಕ್ಕಿಂತ ಅರಿವಿಲ್ಲದ ಭಾಗವೇ ದೊಡ್ಡದು ಎಂಬುದು ಫ್ರಾಯ್ಡರ ವಾದ. ಸಹಿಸಲಾಗದ ಆಸೆ, ಭಯ, ನಾಚಿಕೆಗಳನ್ನು ಮನಸ್ಸು ಕೆಳಕ್ಕೆ ಅದುಮುತ್ತದೆ. ಅದುಮಿದ್ದು ಅಳಿಯುವುದಿಲ್ಲ. ಕನಸಾಗಿ, ಬಾಯ್ತಪ್ಪಾಗಿ, ಕೆಲವೊಮ್ಮೆ ದೇಹದ ನೋವಾಗಿ ವೇಷ ಮರೆಸಿಕೊಂಡು ಬರುತ್ತದೆ.

1923ರಲ್ಲಿ ಅವರು ವ್ಯಕ್ತಿತ್ವವನ್ನು ಮೂರಾಗಿ ವಿಂಗಡಿಸಿದರು. ಇಡ್, ಈಗೋ, ಸೂಪರ್ ಈಗೋ ಎಂದು ಕಾಲೇಜಿನಲ್ಲಿ ಓದಿದವರು ಬಾಯಿಪಾಠ ಒಪ್ಪಿಸಬಲ್ಲರು. ಆದರೆ ಈ ಭಾರವಾದ ಹೆಸರುಗಳು ಇಂಗ್ಲಿಷ್ ಅನುವಾದಕರು ಲ್ಯಾಟಿನಿನಿಂದ ಎರವಲು ತಂದವು. ಫ್ರಾಯ್ಡ್ ತಮ್ಮ ಜರ್ಮನಿನಲ್ಲಿ ಮಕ್ಕಳೂ ಬಳಸುವ ಪದಗಳನ್ನೇ ಆರಿಸಿದ್ದರು: ‘ಅದು’, ‘ನಾನು’, ‘ಮೇಲಿನ ನಾನು’. ನಾಳೆ ಪರೀಕ್ಷೆ, ಇಂದು ರಾತ್ರಿ ಪಕ್ಕದ ಗದ್ದೆಯಲ್ಲಿ ಯಕ್ಷಗಾನದ ಚೆಂಡೆ ಕೇಳಿಸುತ್ತಿದೆ ಎನ್ನಿ. ಈಗಲೇ ಹೋಗಬೇಕೆಂದು ಹಟ ಹಿಡಿಯುವುದು ‘ಅದು’. ಹೋದೆಯೋ ಕೆಟ್ಟೆ ಎಂದು ಗದರುವುದು ‘ಮೇಲಿನ ನಾನು’. ತಂದೆತಾಯಿಯರ, ಗುರುಗಳ ವಿಧಿನಿಷೇಧಗಳು ಒಳಗೇ ನೆಲೆಯೂರಿ ಹುಟ್ಟಿದ ಧ್ವನಿ ಅದು. ಒಂದು ಪ್ರಸಂಗ ನೋಡಿ ಬಂದು ಮಲಗೋಣವೆಂದು ರಾಜಿ ಮಾಡಿಸುವ ಪಾಡು ‘ನಾನು’ವಿನದು.

ಮನಸ್ಸಿನ ಈ ಶಾಸ್ತ್ರವನ್ನು ಕನ್ನಡದಲ್ಲಿ ಸಾಮಾನ್ಯ ಓದುಗರ ಬಳಿಗೆ ತಂದವರಲ್ಲಿ ಒಬ್ಬರು, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ. ವೈದ್ಯರಾಗಿದ್ದ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗೆಗಾರರಿಗೆ ಮನಶ್ಶಾಸ್ತ್ರವೇಕೆಂದು ಕೇಳುವಂತಿಲ್ಲ. ಸ್ವತಃ ಫ್ರಾಯ್ಡರೇ 1905ರಲ್ಲಿ ನಗೆಹನಿಗಳ ಮೇಲೆ ಒಂದು ಗ್ರಂಥ ಬರೆದಿದ್ದಾರೆ.

ವಕೀಲನಾಗಿ ನನಗೆ ಫ್ರಾಯ್ಡರ ಮೇಲೆ ಪೂರ್ಣ ವಿಶ್ವಾಸವಿಲ್ಲ. ರೋಗಿ ಒಪ್ಪಿಕೊಂಡರೆ ವಾದ ಸಾಬೀತು. ನಿರಾಕರಿಸಿದರೆ, ನಿರಾಕರಣೆಯೇ ಅದುಮಿಟ್ಟದ್ದಕ್ಕೆ ಸಾಕ್ಷಿ. ಇಂತಹ ಪುರಾವೆಯನ್ನು ಯಾವ ನ್ಯಾಯಾಲಯವೂ ಸ್ವೀಕರಿಸದು. ಸುಳ್ಳೆಂದು ತೋರಿಸಲು ದಾರಿಯೇ ಇಲ್ಲದ ಸಿದ್ಧಾಂತ ವಿಜ್ಞಾನವಲ್ಲವೆಂದು ವಿಯೆನ್ನಾದವರೇ ಆದ ದಾರ್ಶನಿಕ ಕಾರ್ಲ್ ಪಾಪರ್ ಆಕ್ಷೇಪಿಸಿದ್ದೂ ಇದನ್ನೇ. ಆದರೂ ಮನೋವಿಶ್ಲೇಷಣೆಗೆ ನಾಂದಿಯಾದ ಪ್ರಕರಣವೊಂದನ್ನು ಗಡಿನಾಡಿನ ನಾವು ಓದಲೇಬೇಕು.

ವಿಯೆನ್ನಾದ ಬರ್ತಾ ಪಾಪನ್‌ಹೈಮ್ ಎಂಬ ತರುಣಿ 1880ರಲ್ಲಿ ಕಾಯಿಲೆ ಬಿದ್ದ ತಂದೆಯ ಶುಶ್ರೂಷೆಗೆ ನಿಂತಿದ್ದಳು. ಒಂದು ರಾತ್ರಿ ತಂದೆಯ ಕಡೆಗೆ ಕರಿಯ ಹಾವೊಂದು ಬರುತ್ತಿರುವಂತೆ ಭ್ರಮೆಯಾಯಿತು. ದೇವರನ್ನು ಬೇಡಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಕಡೆಗೆ ಇಂಗ್ಲಿಷಿನ ಒಂದು ಶಿಶುಗೀತೆ ನೆನಪಾಗಿ, ಆ ಭಾಷೆಯಲ್ಲಿಯೇ ಪ್ರಾರ್ಥಿಸಿದಳು. ಮುಂದೆ ಅವಳ ತಾಯ್ನುಡಿ ಜರ್ಮನ್ ಬಹುಕಾಲ ಅವಳಿಂದ ದೂರವಾಯಿತು, ಇಂಗ್ಲಿಷಿನಲ್ಲಿಯೇ ಮಾತನಾಡತೊಡಗಿದಳು. ವೈದ್ಯ ಯೋಸೆಫ್ ಬ್ರಾಯರ್ ಮಾಡಿದ್ದಿಷ್ಟು: ಕುಳಿತು ಕೇಳಿದರು. ‘ಮಾತಿನ ಮದ್ದು’ ಎಂಬ ಅರ್ಥದ ಹೆಸರನ್ನು ಆ ಚಿಕಿತ್ಸೆಗೆ ಇಟ್ಟವಳೂ ಅವಳೇ. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ‘ಆನ್ನಾ ಓ.’ ಎಂಬ ಮರೆಹೆಸರಿನಲ್ಲಿ ಇದನ್ನು ಪ್ರಕಟಿಸಿದರು. ಅವರು ಬರೆದಷ್ಟು ಬೇಗ ಅವಳು ಗುಣವಾಗಲಿಲ್ಲ, ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಮುಂದೆ ಚೇತರಿಸಿಕೊಂಡು ಯಹೂದಿ ಮಹಿಳೆಯರ ಸಂಘಟನೆಯನ್ನು ಕಟ್ಟಿದಳು.

ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಪೇಟೆಯಲ್ಲಿ ಮಲಯಾಳ: ಹೀಗೆ ಬೆಳೆಯುವುದು ರೋಗವಲ್ಲ, ಸಂಪತ್ತು. ಆದರೆ ಯಾವ ಅಳಲು ಯಾವ ಭಾಷೆಯಲ್ಲಿ ಅಡಗಿದೆಯೆಂದು ದೊಡ್ಡವರಿಗೆ ತಿಳಿಯುವುದು ಸುಲಭವಲ್ಲ. ನನ್ನ ಮಗಳಿಗೆ ಏಳನೆಯ ತರಗತಿಯಲ್ಲಿ ಪ್ರತಿ ಶನಿವಾರ ಬೆಳಗ್ಗೆ ಹೊಟ್ಟೆನೋವು ಬರುತ್ತಿತ್ತು. ವೈದ್ಯರಿಗೆ ಏನೂ ಕಾಣಲಿಲ್ಲ. ನಾನು ಪಾಟೀಸವಾಲಿನ ಧಾಟಿಯಲ್ಲಿ ಕೇಳಿದರೆ ‘ಏನೂ ಇಲ್ಲ’. ಒಂದು ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಲಗಿ, ಅಜ್ಜಿಯ ಮಾತಿನಲ್ಲಿ ಹೇಳಿಕೊಂಡಳಂತೆ: ಶನಿವಾರದ ಕೋಚಿಂಗ್ ತರಗತಿಯಲ್ಲಿ ಅವಳ ಮಲಯಾಳ ಉಚ್ಚಾರಕ್ಕೆ ಎಲ್ಲರೂ ನಕ್ಕಿದ್ದರು. ನೋವು ನಟನೆಯಾಗಿರಲಿಲ್ಲ. ಮಲಯಾಳ ಸರಿಯಾಗಿ ಬಾರದವರಿಗೆ ಈ ರಾಜ್ಯದಲ್ಲಿ ಕೆಲಸವಿಲ್ಲವೆಂದು ಊಟದ ಹೊತ್ತಿನಲ್ಲಿ ಹೇಳುತ್ತಿದ್ದವನು ನಾನು. ಅವಳ ‘ಮೇಲಿನ ನಾನು’ ನನ್ನ ಧ್ವನಿಯಲ್ಲಿಯೇ ಮಾತನಾಡುತ್ತಿತ್ತು.

ಕಾನೂನು ಇದನ್ನು ಒಂದೆಡೆಯಾದರೂ ಅರಿತಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 26ನೆಯ ಕಲಮಿನಂತೆ, ಮಗುವಿನ ಹೇಳಿಕೆಯನ್ನು ಮಗು ನುಡಿದಂತೆಯೇ, ತಂದೆತಾಯಿಯರ ಅಥವಾ ಮಗುವಿಗೆ ನಂಬಿಕೆಯಿರುವವರ ಸಮ್ಮುಖದಲ್ಲಿ ಬರೆದುಕೊಳ್ಳಬೇಕು; ಅಗತ್ಯವಿದ್ದರೆ ಅನುವಾದಕರ ಅಥವಾ ದುಭಾಷಿಯ ನೆರವು ಪಡೆಯಬಹುದು. ಕನ್ನಡ ಕುಟುಂಬಗಳು ಇದನ್ನು ಠಾಣೆಯಲ್ಲಿ ಧೈರ್ಯವಾಗಿ ಕೇಳಬಹುದು.

ಫ್ರಾಯ್ಡ್ ಹುಟ್ಟಿದ್ದು 1856ರಲ್ಲಿ, ಇಂದು ಚೆಕ್ ದೇಶಕ್ಕೆ ಸೇರಿದ ಪುಟ್ಟ ಊರಿನಲ್ಲಿ. ಎಳವೆಯಲ್ಲಿಯೇ ಕುಟುಂಬ ಊರು ಬಿಟ್ಟಿತು, ಚೆಕ್ ಮಾತು ಮರೆತೇಹೋಯಿತು. ಹದಿಹರೆಯದಲ್ಲಿ ಹುಟ್ಟೂರಿಗೆ ಹೋದಾಗ ಕೇಳಿದ ಆ ಭಾಷೆಯ ಶಿಶುಗೀತೆಯೊಂದು ಮಾತ್ರ ಅವರ ಮನಸ್ಸಿನಲ್ಲಿ ಸಲೀಸಾಗಿ ಅಚ್ಚೊತ್ತಿತು. ನಡುವಯಸ್ಸಿನಲ್ಲಿಯೂ ಅದನ್ನು ತಪ್ಪಿಲ್ಲದೆ ಹೇಳಬಲ್ಲವರಾಗಿದ್ದರು. ಅರ್ಥ ಮಾತ್ರ ತಿಳಿದಿರಲಿಲ್ಲ.